ಮೈದುನನ ನಾಸ್ ಪುರಾಣ

ನಮ್ಮ ಐದು ತಾಲೂಕುಗಳಲ್ಲಿ ನನ್ನ ಮೈದುನನಷ್ಟು ಮದುವೆ ಕಂಡ ಮನುಷ್ಯ ಇನ್ನೊಬ್ಬನಿಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಎಲ್ಲಿ ಹಂದರ ಹಾಕಿದರೂ ಅಲ್ಲಿ ಅವನು ಹಾಜರು. ಮುಹೂರ್ತಕ್ಕೆ ಭಟ್ಟರು ತಡವಾಗಿ ಬಂದದ್ದುಂಟು. ಒಮ್ಮೆ ಮದುಮಗನೇ ತಡವಾಗಿ ಬಂದದ್ದೂ ಉಂಟು. ಇವನು ಮಾತ್ರ ಎಂದೂ ತಡ ಮಾಡಿದವನಲ್ಲ. ಇಷ್ಟೆಲ್ಲ ಮದುವೆ ಕಂಡವನು ತನಗೊಂದು ಯಾಕೆ ಮಾಡಿಕೊಳ್ಳಲಿಲ್ಲ? ಕೇಳಿದವರಿಗೆಲ್ಲ ಅವನದು ಒಂದೇ ಉತ್ತರ.

"ನನ್ನ ಮದುವಿ ಶೂಟಿಂಗ್ ಯಾರ್ ಮಾಡಬೇಕ್ರಿ? ಬ್ಯಾರೇದವರು ತಗದದ್ದು ನನಗ ಪಸಂದ ಬರೂದಿಲ್ಲ."

ಅವನು ಮದುವೆಗಳ ವಿಡಿಯೋ ತೆಗೆಯುತ್ತಿದ್ದವನು. ನಾನು ಹತ್ತನೆಯ ತರಗತಿ ಪಾಸಾಗಿ, ಬಸ್ಸಿನ ಕಂಡಕ್ಟರ್ ಆಗಿ ದುಡಿದು ನಿವೃತ್ತನಾದವನು. ಅವನು ನನ್ನ ಹೆಂಡತಿಯ ಒಬ್ಬನೇ ತಮ್ಮ. ನಮ್ಮ ಗಡಿಭಾಗದಲ್ಲಿ ಅಕ್ಕನ ಗಂಡನನ್ನು ಮರಾಠಿಯವರ ಹಾಗೆ 'ದಾಜಿ' ಎನ್ನುವುದುಂಟು. ಅವನು ನನ್ನನ್ನು ಹಾಗೇ ಕರೆಯುತ್ತಾನೆ. ನಾನು ಅವನನ್ನು ಎದುರಿಗೆ 'ಲೇ' ಎನ್ನುತ್ತೇನೆ. ಹಿಂದೆ ಏನೇನೋ ಎಂದಿದ್ದೇನೆ. ಈ ಬರಹದಲ್ಲಿ ಒಂದು ತಪ್ಪೊಪ್ಪಿಗೆಯೂ ಇದೆ ಎಂದು ಮೊದಲೇ ಹೇಳಿಬಿಡುವುದು ವಾಸಿ. ತಪ್ಪು ನನ್ನದು. ಆದರೆ ಮೊದಲು ಅವನ ತಪ್ಪುಗಳನ್ನೆಲ್ಲ ಹೇಳಿ ಮುಗಿಸುತ್ತೇನೆ. ಅವುಗಳ ಪಕ್ಕದಲ್ಲಿ ನನ್ನದು ಸ್ವಲ್ಪ ಚಿಕ್ಕದಾಗಿ ಕಂಡರೆ ಕಾಣಲಿ ಎಂಬ ಆಸೆ.

ಅವನ ಮೊದಲನೆಯ ತಪ್ಪೆಂದರೆ ಅವನ ಕ್ಯಾಮೆರಾ ಎಂದೂ ಮದುಮಕ್ಕಳ ಕಡೆಗೆ ತಿರುಗುತ್ತಿರಲಿಲ್ಲ. ನಿಪ್ಪಾಣಿಯ ಒಬ್ಬ ತಂಬಾಕಿನ ವ್ಯಾಪಾರಿ ಮಗನ ಮದುವೆ ಮಾಡಿದ. ಕ್ಯಾಸೆಟ್ ಬಂತು. ಮನೆಮಂದಿಯೆಲ್ಲ ಟಿ.ವಿ. ಮುಂದೆ ಕೂತರು. ಮದುಮಗಳ ಅಜ್ಜಿ ಚಪ್ಪಲಿ ಹುಡುಕುತ್ತಿದ್ದಾಳೆ. ಹುಡುಕುತ್ತಲೇ ಇದ್ದಾಳೆ. ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಯಾರದೋ ಚಪ್ಪಲಿಯಲ್ಲಿ ಕಾಲು ತೂರಿಸಿ ನೋಡಿದಳು, ಸರಿಬರಲಿಲ್ಲ, ಬಿಟ್ಟಳು. ಅಷ್ಟರಲ್ಲಿ ಅಕ್ಷತೆ ಮುಗಿದುಹೋಗಿತ್ತು. ವ್ಯಾಪಾರಿ ಕ್ಯಾಸೆಟ್ ಹಿಡಿದುಕೊಂಡು ಚಿಕ್ಕೋಡಿಗೆ ಬಂದ.

"ಲೇ, ನನ್ನ ಮಗಾ ಎಲ್ಲಿ ಅದಾನ ಇದರಾಗ?"

"ಅದಾರಲ್ರಿ, ಅಜ್ಜಿ ಹಿಂದ. ಸ್ವಲ್ಪ ಮಂಜ ಕಾಣ್ತಾರ, ಅಷ್ಟ."

"ಮುದುಕಿ ಮದುವಿ ಮಾಡೀನೇನ್ಲೇ ನಾ?"

ಅದಕ್ಕೆ ನನ್ನ ಮೈದುನ ತಣ್ಣಗೆ ಹೇಳಿದನಂತೆ: "ಮದುಮಕ್ಕಳು ಇನ್ನೂ ಐವತ್ತು ವರ್ಸ ಕಣ್ಣಮುಂದ ಇರ್ತಾರ್ರಿ ಸಾವಕಾರ. ಮುದುಕಿ ಮುಂದಿನ ಮದುವಿಗೆ ಇರ್ತಾಳಂತ ಯಾರಿಗೆ ಗೊತ್ತ?"

ವ್ಯಾಪಾರಿ ಸಿಟ್ಟಿನಿಂದ ಹೋದ. ಕೆಲವು ವರ್ಷಗಳ ಮೇಲೆ ಅದೇ ಮನೆಯಿಂದ ಅದೇ ಸೊಸೆ ಬಂದಳು. ಮನೆಯಲ್ಲಿದ್ದ ಕ್ಯಾಸೆಟ್ ಸವೆದುಹೋಗಿದೆ, ಅಜ್ಜಿ ಚಪ್ಪಲಿ ಹುಡುಕುವುದಷ್ಟನ್ನು ಇನ್ನೊಮ್ಮೆ ಕಾಪಿ ಮಾಡಿಕೊಡುತ್ತೀರಾ ಎಂದು ಕೇಳಿದಳು. ಅಜ್ಜಿ ತೀರಿಕೊಂಡಿದ್ದಳು.

ಹೀಗೆ ಬರುವವರು ಇರುತ್ತಾರೆಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು. ಅವನ ಎರಡನೆಯ ತಪ್ಪು ಅದರಿಂದಲೇ ಹುಟ್ಟಿತು: ಗಿರಾಕಿಗಳಿಗೆ ಕಾಪಿ ಕೊಟ್ಟು ಮೂಲ ಕ್ಯಾಸೆಟ್ಟುಗಳನ್ನು ತಾನೇ ಇಟ್ಟುಕೊಂಡ. ಚಿಕ್ಕೋಡಿಯಲ್ಲಿ ಅವನದು ಎರಡು ಬಾಡಿಗೆ ಕೋಣೆ. ಒಂದರಲ್ಲಿ ಅವನು, ಇನ್ನೊಂದರಲ್ಲಿ ನೆಲದಿಂದ ಜಂತಿಯವರೆಗೆ ಮದುವೆಗಳು. ಮದುವೆಗಳ ಕೋಣೆ ದೊಡ್ಡದು.

ನಮ್ಮಿಬ್ಬರಿಗೆ ಎಂದೂ ಅಷ್ಟಾಗಿ ಸರಿಬಂದದ್ದಿಲ್ಲ. ಇಬ್ಬರ ನಡುವಿನ ತಂತಿಯೆಂದರೆ ನನ್ನ ಹೆಂಡತಿ. ಅಲ್ಲಿಯದು ಇಲ್ಲಿಗೆ, ಇಲ್ಲಿಯದು ಅಲ್ಲಿಗೆ, ಬೈಗುಳವಿದ್ದರೆ ಅದನ್ನು ಸೋಸಿ ಮುಟ್ಟಿಸುತ್ತಿದ್ದಳು. ಅವಳು ತೀರಿಕೊಂಡ ಮೇಲೆ ತಂತಿ ಕಡಿಯಿತು. ಮಗಳನ್ನು ಸಾಂಗಲಿಗೆ ಕೊಟ್ಟಿದ್ದೇವೆ. ಅವಳಿಗೆ ಅವಳ ಸಂಸಾರ. ನಾನು ಅಥಣಿಯಲ್ಲಿ ಒಬ್ಬನೇ. ಜೀವಮಾನವೆಲ್ಲ ಅರವತ್ತು ಎಪ್ಪತ್ತು ಮಂದಿಯ ನಡುವೆ ತೂರಿಕೊಂಡು, "ಮುಂದ ಸರೀರಿ, ಒಳಗ ಹೋಗ್ರಿ" ಎಂದು ಕೂಗುತ್ತ ಬದುಕಿದವನಿಗೆ, ಸರಿಯಿರಿ ಎನ್ನಲು ಒಬ್ಬರೂ ಇಲ್ಲದ ಮನೆ ಹೇಗಿರುತ್ತದೆ? ಕುಕ್ಕರ್ ಸೀಟಿ ಹೊಡೆದರೆ ನನ್ನ ಬಾಯಲ್ಲಿ "ರೈಟ್" ಎಂದು ಬಂದುಬಿಡುತ್ತಿತ್ತು. ಆಮೇಲೆ ಅಡುಗೆಮನೆ ಇದ್ದಲ್ಲೇ ಇರುತ್ತಿತ್ತು.

ಅಂಥ ಒಂದು ಬೇಸಿಗೆಯಲ್ಲಿ ಅವನ ಫೋನು ಬಂತು.

"ದಾಜಿ, ಶನಿವಾರ ಬಿಡುವ ಐತೇನ್ರಿ?"

ನನಗೆ ಯಾವ ವಾರ ಬಿಡುವಿರಲಿಲ್ಲ? ಆದರೂ ಮರ್ಯಾದೆ ಎಂಬುದೊಂದು ಇದೆಯಲ್ಲ. ಸ್ವಲ್ಪ ತಡೆದು, "ನೋಡ್ತೇನಿ ತಡಿ," ಎಂದು ಗೋಡೆಯ ಕ್ಯಾಲೆಂಡರನ್ನು ಸುಮ್ಮನೆ ಸಪ್ಪಳ ಮಾಡಿಸಿ, "ಹೂಂ, ಬರಬಹುದು," ಎಂದೆ. ಶನಿವಾರವೇ ಯಾಕೆಂದರೆ ಆ ದಿನ ಮದುವೆ ಇಡುವವರು ಕಡಿಮೆ. ವಿಡಿಯೋ ಕೆಲಸ ಬಿಟ್ಟು ವರ್ಷಗಳಾಗಿದ್ದರೂ ಅವನ ರಜೆ ಮಾತ್ರ ಶನಿವಾರವೇ ಉಳಿದಿತ್ತು.

ಕೃಷ್ಣೆ ದಾಟಿ, ರಾಯಬಾಗ ಹಾಯ್ದು ಚಿಕ್ಕೋಡಿ ಮುಟ್ಟಿದೆ. ಅವನು ಚಹಾ ಕೊಟ್ಟ. ಒಂದು ಕ್ಯಾಸೆಟ್ಟಿನ ಮುಚ್ಚಳ ತೆರೆದು ಒಳಗಿನ ಟೇಪು ತೋರಿಸಿದ. ಅಂಚಿನಲ್ಲಿ ಬೆಳ್ಳಗೆ ಹಿಟ್ಟು ಉದುರಿಸಿದಂತೆ ಕಾಣುತ್ತಿತ್ತು.

"ಬುರಸಿ ಹತ್ತಾಕತ್ತೈತ್ರಿ. ಒಂದೊಂದು ಮಳಿಗಾಲಕ್ಕ ಹತ್ತಿಪ್ಪತ್ತು ಮದುವಿ ತಿಂತೈತಿ. ಎಲ್ಲಾ ಕಂಪ್ಯೂಟರಿಗಿ ಇಳಸಬೇಕು. ಅದಕ್ಕ ಮನ್ಯಾಗ ಒಂದು ನಾಸ್ ಕೂಡಸಾಂವ ಅದೇನಿ."

"ಏನ್ ಕೂಡಸ್ತಿ?"

"ನಾಸ್ ರೀ, ನಾಸ್. ಕಾಳು ತುಂಬಿಡೂ ಹಗೇವು ಇದ್ದಂಗ. ನಾಕು ಡಿಸ್ಕ್ ಒಂದ ಡಬ್ಬಿಯೊಳಗ ಹಾಕಿ ಹಗಲಿ ರಾತ್ರಿ ಚಾಲೂ ಇಡೂದು. ಯಾವ ಕ್ವಾಣ್ಯಾಗ ಕುಂತರೂ ಫೋನಿನ್ಯಾಗ ಬೇಕಾದ ಮದುವಿ ತಗದು ನೋಡಬಹುದು."

ಇರುವುದೇ ಎರಡು ಕೋಣೆ. ಒಂದರಲ್ಲಿ ಕೂತವನು ಎದ್ದು ಇನ್ನೊಂದಕ್ಕೆ ಹೋದರೆ ಆಗದೇ ಎಂದು ಕೇಳಬೇಕೆನ್ನಿಸಿತು. ಅಷ್ಟರಲ್ಲಿ ಬಾಗಿಲಲ್ಲಿ ಅವನ ಮನೆಯ ಮಾಲಕಿ ನಿಂತಿದ್ದಳು. ಊರೆಲ್ಲ ಕಾಕೂ ಎನ್ನುವ ಹೆಂಗಸು. ಅರ್ಧ ಮರಾಠಿ, ಅರ್ಧ ಕನ್ನಡ, ಎರಡರಲ್ಲೂ ಖಾರ. ನಮ್ಮ ಕಡೆ ಹಾಲು ಒಡೆದರೂ ನಾಸ, ಸಂಸಾರ ಮುರಿದರೂ ನಾಸ. ಮರಾಠಿಗೂ ಅದೇ, ಕನ್ನಡಕ್ಕೂ ಅದೇ. ಕಾಕೂ ಕೇಳಿಸಿಕೊಂಡದ್ದು ಆ ಒಂದೇ ಶಬ್ದ.

"ಅಗ ಬಾಯಿ! ನನ್ನ ಮನ್ಯಾಗ ನಾಸ ಕೂಡಸ್ತಾನಂತ. ನೀರ ಹಿಡಿಯಂದ್ರ ವ್ಯಾಳ್ಯಾಕ್ಕ ಎಚ್ಚರ ಇರೂದಿಲ್ಲ, ನಾಸ ಮಾತ್ರ ಹಗಲಿ ರಾತ್ರಿ ಚಾಲೂ ಇಡ್ತಾನಂತ."

ಅವನು ತಿಳಿಸಿ ಹೇಳಲು ಹೋದ. ಗೋಡೆಯ ಮೇಲೆ ಸೀಮೆಸುಣ್ಣದಿಂದ ಆಗಲೇ ಒಂದು ನಕ್ಷೆ ಬರೆದಿದ್ದ. ನಾಲ್ಕು ಚೌಕ, ಚೌಕಗಳನ್ನು ಕೂಡಿಸುವ ಒಂದು ಕೊಳವೆ, ಕೊಳವೆಯಿಂದ ಹೊರಗೆ ಹೋಗುವ ಬಾಣ. ಕಾಕೂ ಅದನ್ನು ಬಹಳ ಹೊತ್ತು ನೋಡಿ, "ಸಂಡಾಸದ ಗುಂಡಿ ಇಲ್ಲೇ ಒಳಗ ತೋಡ್ತಿ ಏನೋ?" ಎಂದಳು. ಆ ದಿನ ತಂತ್ರಜ್ಞಾನದ ಮಾತು ಅಲ್ಲಿಗೇ ನಿಂತಿತು.

ಈ ಯೋಜನೆಗೆ ಅವನು ಹಾಕಿಕೊಂಡ ಕಾನೂನು ಒಂದೇ. ಡಿಸ್ಕುಗಳನ್ನು ಬಿಟ್ಟು ಬೇರೆ ಯಾವುದಕ್ಕೂ ದುಡ್ಡು ಕೊಡಬಾರದು. ಕೊಟ್ಟರೂ ಹಳೆಯದಕ್ಕೇ ಕೊಡಬೇಕು. ಅದಕ್ಕೆ ಅವನು 'ಬಜೆಟ್' ಎನ್ನುತ್ತಿದ್ದ. ಬಾಗಿಲು ಹಾಕಿದ ಒಂದು ನೆಟ್ ಸೆಂಟರಿನಿಂದ ಮುದಿ ಕಂಪ್ಯೂಟರ್ ಒಂದನ್ನು ಎತ್ತಿಕೊಂಡು ಬಂದ. ಅದರ ಮೈಮೇಲಿನ ಡಬ್ಬಿ ತುಕ್ಕು ಹಿಡಿದಿತ್ತು. ಅದರ ಬದಲಿಗೆ ನಾನು ಅಥಣಿಯಿಂದ ದ್ರಾಕ್ಷಿ ತುಂಬುವ ಪ್ಲಾಸ್ಟಿಕ್ ಕ್ರೇಟು ಒಂದನ್ನು ಬಸ್ಸಿನಲ್ಲಿ ಒಯ್ದೆ. ಸುತ್ತಲೂ ತೂತು. ಅವನಿಗೆ ಬಹಳ ಹಿಡಿಸಿತು.

"ಏನ್ ಗಾಳಿ ಆಡತೈತ್ರಿ ದಾಜಿ! ಕಂಪನಿಯವರಿಗಿ ಇದು ಹೊಳದ ಇಲ್ಲ."

ಡಿಸ್ಕು ಕೊಳ್ಳಲು ನಿಪ್ಪಾಣಿಗೆ ಹೋದೆವು. ಹಳೆಯ ಸಾಮಾನಿನ ಅಂಗಡಿ. ನಮ್ಮ ಜನ ಕಲ್ಲಂಗಡಿ ಕೊಳ್ಳುವಾಗ ಬಡಿದು ಕಿವಿಗೊಡುತ್ತಾರಲ್ಲ, ಹಾಗೆ ಇವನು ಒಂದೊಂದು ಡಿಸ್ಕಿಗೂ ಕರೆಂಟು ಕೊಡಿಸಿ, ಕಿವಿ ಹಚ್ಚಿ, ಕಣ್ಣು ಮುಚ್ಚಿ ಕೇಳುತ್ತಿದ್ದ.

"ಇದು ಕೆಮ್ಮತೈತಿ."

"ಇಲ್ಲರಿ ಅಣ್ಣಾರ, ಬ್ಯಾಂಕಿನ ಸಿಸಿಟಿವಿಯೊಳಗ ಇದ್ದ ಮಾಲ. ಭಾರೀ ಗಟ್ಟಿ."

"ಹಂಗಾರ ವರ್ಸಗಟ್ಟಲೆ ನಿದ್ದಿ ಮಾಡಿಲ್ಲ. ಬ್ಯಾಡ."

ಹೀಗೆ ಅಂಗಡಿಯ ಡಿಸ್ಕುಗಳಿಗೆಲ್ಲ ರೋಗ ಹೇಳಿ, ಕಡೆಗೆ ನಾಲ್ಕನ್ನು ಆರಿಸಿದ. ಎರಡೆರಡರ ಜೋಡಿ, ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ ಬರೆಯುತ್ತದೆಯಂತೆ. "ಜೋಡಿ ಎತ್ತು ಇದ್ದಂಗ ರೀ. ಒಂದು ಮಲಗಿದ್ರೂ ಇನ್ನೊಂದು ಎಳೀತೈತಿ," ಎಂದ. ಬರುವಾಗ ಬಸ್ಸಿನಲ್ಲಿ ಇಬ್ಬರೂ ತೊಡೆಯ ಮೇಲೆ ಎರಡೆರಡು ಡಿಸ್ಕು ಇಟ್ಟುಕೊಂಡು ಮೊಟ್ಟೆ ಕಾಯುವವರ ಹಾಗೆ ಕೂತಿದ್ದೆವು. ಅವನ ಅಕ್ಕ ಇದ್ದಷ್ಟು ದಿನ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂತದ್ದು ನನಗೆ ನೆನಪಿಲ್ಲ.

ಇನ್ನು ನನ್ನ ತಪ್ಪುಗಳು. ಮೊದಲನೆಯದು ತಿಳಿಯದೆ ಮಾಡಿದ್ದು, ಆದ್ದರಿಂದ ಅದನ್ನು ಧೈರ್ಯವಾಗಿ ಹೇಳುತ್ತೇನೆ.

ಖಂಡೇನವಮಿ ಶನಿವಾರವೇ ಬಂದಿತ್ತು. ಆ ದಿನ ನಮ್ಮ ಕಡೆ ಕೆಲಸದ ಆಯುಧಕ್ಕೆಲ್ಲ ಪೂಜೆ. ಕುಡಗೋಲಿನಿಂದ ಲಾರಿಯವರೆಗೆ ಯಾವುದನ್ನೂ ಬಿಡುವುದಿಲ್ಲ. ನನ್ನ ಹೆಂಡತಿ ನನ್ನ ಟಿಕೆಟ್ ಚೀಲಕ್ಕೂ ಮಂಗಸೂಳಿ ಮಲ್ಲಯ್ಯನ ಭಂಡಾರ ಹಚ್ಚುತ್ತಿದ್ದಳು. ಭಂಡಾರವೆಂದರೆ ದೇವರ ಅರಿಷಿಣದ ಪುಡಿ. ಆ ದಿನ ಕ್ರೇಟಿನೊಳಗೆ ಕಂಪ್ಯೂಟರು ಮೊದಲ ಸಲ ಗುಂಯ್ ಎಂದು ತಿರುಗುತ್ತಿತ್ತು. ಡಿಸ್ಕುಗಳನ್ನು ಇನ್ನೂ ಜೋಡಿಸಿರಲಿಲ್ಲ. ಮೈದುನ ಹೂ ತರಲು ಹೊರಗೆ ಹೋದ. ಹೊಸ ಯಂತ್ರ, ಹಬ್ಬದ ದಿನ, ಬರಿಗೈಯಲ್ಲಿ ಕೂರುವುದೇ? ಜೇಬಿನಲ್ಲಿ ಭಂಡಾರದ ಪೊಟ್ಟಣವಿತ್ತು. ಮಲ್ಲಯ್ಯನಿಗೆ ಜಿಪುಣತನ ಸೇರುವುದಿಲ್ಲ ಎಂದು ಎರಡೂ ಕೈಯಿಂದ ಎತ್ತಿ ಎರಚಿದೆ.

ಕ್ರೇಟಿನ ತೂತುಗಳು ಅದನ್ನು ಒಳಗೆ ಬಿಟ್ಟುಕೊಂಡವು. ಒಳಗಿನ ಫ್ಯಾನು ಒಂದೇ ಉಸಿರಿಗೆ ಎಳೆದುಕೊಂಡಿತು. ಎಳೆದುಕೊಂಡದ್ದನ್ನು ಇನ್ನೊಂದು ಕಡೆಯಿಂದ ಕೋಣೆಯ ತುಂಬ ಊದಿತು. ಟಕ್ ಎಂದಿತು. ಸುಟ್ಟ ಒಗ್ಗರಣೆಯ ವಾಸನೆ ಬಂತು. ಆಮೇಲೆ ಸದ್ದಿಲ್ಲ. ಮೈದುನ ಹೂ ಹಿಡಿದು ಬಾಗಿಲಲ್ಲಿ ನಿಂತಾಗ ಯಂತ್ರ ಹಳದಿ, ಗೋಡೆ ಹಳದಿ, ನಡುವೆ ನಾನೂ ಹಳದಿ.

ಅವನು ಹೂವನ್ನು ಕ್ರೇಟಿನ ಮೇಲೆ ಇಟ್ಟ. ಬೈಯಲಿಲ್ಲ.

"ಮಲ್ಲಯ್ಯಗ ಜೈಕಾರ ಹಾಕಿ ಯೇಳಕೋಟ ಅನ್ನೂದೊಂದು ಉಳದೈತ್ರಿ ದಾಜಿ. ಅದನ್ನೂ ಅಂದುಬಿಡ್ರಿ."

ಹಿಂದಿನಿಂದ ಕಾಕೂ ಇಣುಕಿ, "ನಾ ಮೊದಲ ಹೇಳಿದ್ನಿ, ನಾಸ ಆಗತೈತಂತ," ಎಂದಳು. ನಾಸ್ ಎಂಬ ಶಬ್ದದ ಅರ್ಥ ಆ ದಿನ ಎರಡೂ ಭಾಷೆಯಲ್ಲಿ ನಮಗೆ ಸ್ಪಷ್ಟವಾಯಿತು.

ಸುಟ್ಟ ಭಾಗಗಳಿಗೆ ಬದಲಿ ಹುಡುಕಲು ಚಳಿಗಾಲವೆಲ್ಲ ಹೋಯಿತು. ಬಜೆಟ್ ಇದೆಯಲ್ಲ, ಹಳೆಯದೇ ಬೇಕು. ಪ್ರತಿ ಶನಿವಾರ ನಾನು ಹೋಗುವುದು, ಇಬ್ಬರೂ ಒಂದೊಂದು ಊರು ಅಲೆಯುವುದು, ಸಂಜೆ ಅವನು ಮಾಡಿದ ಝುಣಕ ರೊಟ್ಟಿ ತಿಂದು ಕಡೆಯ ಬಸ್ಸಿಗೆ ನಾನು ಅಥಣಿಗೆ ಮರಳುವುದು. ಒಂದು ಸಂಜೆ ರಾಯಬಾಗ ದಾಟುವಾಗ ನನಗೆ ನಿಜ ಹೊಳೆಯಿತು. ಯಂತ್ರ ಕೆಟ್ಟದ್ದಕ್ಕೆ ನನಗೆ ದುಃಖವೇ ಆಗಿರಲಿಲ್ಲ. ಶನಿವಾರ ಇತ್ತು ಎಂಬ ಕಾರಣಕ್ಕೆ ನನಗೆ ಶುಕ್ರವಾರವೂ ಇತ್ತು. ಅಂಗಿ ಒಗೆದು ಒಣಹಾಕಲು ಒಂದು ನೆಪ ಇತ್ತು.

ಅಲ್ಲಿಂದ ನಾನು ಕೆಟ್ಟೆ.

ಕೆಲಸ ಮುಗಿಯುವ ಹಾಗೆ ಕಂಡಾಗಲೆಲ್ಲ ಒಂದು ಅನುಮಾನ ಹಾಕುತ್ತಿದ್ದೆ. "ಕಾರಖಾನಿ ಕಬ್ಬು ನುರಸೂ ಮುಂದ ಕರೆಂಟ್ ಭಾಳ ಏರಿಳಿತ ಆಗತೈತಿ. ಒಂದು ಬ್ಯಾಟರಿ ಇಟಗೋಬೇಕಲ್ಲ?" ಬ್ಯಾಟರಿ ಹುಡುಕಲು ಒಂದು ತಿಂಗಳು. "ನಾಕ ಡಿಸ್ಕ್ ಸಾಲ್ತಾವಂತಿ? ಇಷ್ಟ್ ಮದುವಿ?" ಮತ್ತೆ ಲೆಕ್ಕ, ಮತ್ತೆ ಗೋಡೆಯ ಮೇಲೆ ಹೊಸ ಚೌಕ. ಅವನು ಭೋಳೆ ಮನುಷ್ಯ. "ಖರೆ ಐತ್ರಿ ದಾಜಿ, ನನಗ ಹೊಳೀಲಿಲ್ಲ" ಎಂದು ನನ್ನನ್ನು ದೊಡ್ಡ ಎಂಜಿನಿಯರ್ ಎಂಬಂತೆ ನೋಡುತ್ತಿದ್ದ. ಆ ನೋಟ ನನಗೆ ಸಂತೋಷ ಕೊಡುತ್ತಿತ್ತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಮುಂದಿನ ಬೇಸಿಗೆಗೆ ನನ್ನ ಅನುಮಾನಗಳೆಲ್ಲ ತೀರಿದವು. ಯಂತ್ರ ಸಿದ್ಧವಾಯಿತು. ಕ್ಯಾಸೆಟ್ಟು ಹಾಕಿ ಇಳಿಸುವುದೊಂದೇ ಬಾಕಿ. ಅಷ್ಟರಲ್ಲಿ ಕ್ಯಾಸೆಟ್ಟು ಆಡಿಸುವ ಅವನ ವಿ.ಸಿ.ಆರ್. ನಿಂತುಬಿಟ್ಟಿತು. ಅದನ್ನು ರಿಪೇರಿ ಮಾಡಬಲ್ಲ ಮುದುಕನೊಬ್ಬ ಅಥಣಿಯಲ್ಲಿ ಉಳಿದಿದ್ದ. ನಾನೇ ಚೀಲದಲ್ಲಿ ಹಾಕಿಕೊಂಡು ಬಂದೆ.

"ಮಳಿ ಹತ್ತೂದರೊಳಗ ತರ್ರಿ ದಾಜಿ. ಈ ಮಳಿಗಾಲ ದಾಟಿದ್ರ ಭಾಳ ಮದುವಿ ಹೋಗ್ತಾವ."

ಮುದುಕ ನಾಲ್ಕೇ ದಿನಕ್ಕೆ ಸರಿಮಾಡಿ ಕೊಟ್ಟ. ನಾನು ಅದನ್ನು ಮನೆಗೆ ತಂದು ಮಂಚದ ಕೆಳಗೆ ಇಟ್ಟೆ. ಆ ಶನಿವಾರ ಚಿಕ್ಕೋಡಿಗೆ ಹೋಗಿ, "ಸಾಮಾನ ಸಿಕ್ಕಿಲ್ಲಂತ," ಎಂದೆ. ಮುಂದಿನ ಶನಿವಾರ "ಮೀರಜದಿಂದ ತರಸ್ತಾನಂತ" ಎಂದೆ. ಮುದುಕನಿಗೆ ಇಲ್ಲದ ಜ್ವರ ಬರಿಸಿದೆ, ಅವನ ಮೊಮ್ಮಗನಿಗೆ ಇಲ್ಲದ ಮದುವೆ ಮಾಡಿಸಿದೆ. ಮಳೆ ಹತ್ತಿತು. ಹೊರಗೆ ಸುರಿಯುವಾಗ ಮಂಚದ ಮೇಲೆ ಮಲಗಿ, ಕೆಳಗೆ ಅದು ಇದೆ ಎಂದು ನೆನಪಾಗಿ ಮಗ್ಗಲು ಬದಲಿಸುತ್ತಿದ್ದೆ. ಮುಂದಿನ ವಾರ ಖಂಡಿತ ಒಯ್ಯಬೇಕು ಎಂದುಕೊಳ್ಳುತ್ತಿದ್ದೆ. ಒಯ್ದರೆ ಮುಗಿಯಿತಲ್ಲ? ಮುಗಿದ ಮೇಲೆ ಅವನು ತನ್ನ ಮದುವೆಗಳ ಜೊತೆ ಕೂರುತ್ತಾನೆ. ನಾನು ಯಾರ ಜೊತೆ ಕೂರಲಿ? ಹೀಗೆ ಮಳೆಗಾಲ ಪೂರ್ತಿ ಕಳೆಯಿತು.

ಗಣಪತಿ ಹಬ್ಬ ಮುಗಿದ ಮೇಲಿನ ಒಂದು ಶನಿವಾರ, ನಾವಿಬ್ಬರೂ ಚಹಾ ಕುಡಿಯುತ್ತಿದ್ದಾಗ ಒಬ್ಬ ಹೆಣ್ಣುಮಗಳು ಬಂದಳು. ಕೊಕಟನೂರಿನವಳು, ಶಾಲೆಯಲ್ಲಿ ಟೀಚರ್. ಕೈಯಲ್ಲಿ ಕೊಡೆ, ಹೆಗಲಿಗೆ ಚೀಲ. ಅವಳ ಮದುವೆಯ ವಿಡಿಯೋ ತೆಗೆದವನು ಇವನೇ.

"ಸರ್, ನಮ್ಮ ಅವ್ವ ತೀರಿಕೊಂಡಳ್ರಿ. ನಮ್ಮ ಕ್ಯಾಸೆಟ್ ಎಲ್ಲಿ ಹೋತೋ ಗೊತ್ತಿಲ್ಲ. ನೀವು ಇಟ್ಟಿರ್ತೀರಂತ ಯಾರೋ ಅಂದ್ರು."

"ಅದಾವವ್ವಾ. ಕೂಡ್ರು."

"ಅವ್ವನ ಫೋಟೋ ಅಂದ್ರ ಆಧಾರ ಕಾರ್ಡಿಂದ ಒಂದ ಐತ್ರಿ. ಅದರಾಗ ಸಿಟ್ಟಿಗೆದ್ದಂಗ ಕಾಣ್ತಾಳ. ಹೊಲದಾಗ ದುಡಿಯಾಕಿ, ಫೋಟೋಕ್ಕ ಎಲ್ಲಿ ನಿಂತಿದ್ಲು? ಮದುವ್ಯಾಗ ನೀವು ಏನೋ ಚ್ಯಾಷ್ಟಿ ಮಾಡಿದ್ರಿ, ಆಕಿ ನಕ್ಕಿದ್ಲು. ಅದಷ್ಟ ಬೇಕಾಗಿತ್ರಿ."

ಮೈದುನ ಒಳಗೆ ಹೋಗಿ, ಹುಡುಕದೆ, ಕೈ ಹಾಕಿದಲ್ಲಿಂದಲೇ ಆ ಕ್ಯಾಸೆಟ್ಟು ತಂದ. ಮುಚ್ಚಳ ಎತ್ತಿದ. ಒಳಗೆ ಟೇಪು ಕಾಣಲಿಲ್ಲ. ಬೆಳ್ಳಗಿನ ಬುರಸಿ ಬೆಳೆದು ಸುರುಳಿ ಒಂದಕ್ಕೊಂದು ಅಂಟಿತ್ತು. ಅವನು ಕಿಟಕಿಯ ಬೆಳಕಿಗೆ ಹಿಡಿದು ಅತ್ತಿತ್ತ ತಿರುಗಿಸಿದ.

"ಮಳಿಗಾಲದ ಮೊದಲ ನೋಡಿದ್ನಿ," ಎಂದ, ಅವಳಿಗೂ ಅಲ್ಲ, ನನಗೂ ಅಲ್ಲ. "ಆವಾಗ ಚೊಲೋ ಇತ್ತು."

ಆ ಹೆಣ್ಣುಮಗಳು ಅಳಲಿಲ್ಲ. ಕೊಟ್ಟ ಚಹಾ ಪೂರ್ತಿ ಕುಡಿದು, ಕಪ್ಪು ತಾನೇ ತೊಳೆದಿಟ್ಟು, "ಹೋಗ್ಲಿ ಬಿಡ್ರಿ ಸರ್, ನೀವರೆ ಏನ್ ಮಾಡ್ತೀರಿ," ಎಂದು ಹೋದಳು. ನೀವಾದರೂ ಏನು ಮಾಡುತ್ತೀರಿ. ಅವನು ಏನೂ ಮಾಡಿರಲಿಲ್ಲ. ಮಾಡಿದವನು ಪಕ್ಕದಲ್ಲೇ ಚಹಾ ಹಿಡಿದು ಕೂತಿದ್ದ.

ಮರುದಿನ ಭಾನುವಾರ. ಮೊದಲನೆಯ ಬಸ್ಸಿಗೆ ಮತ್ತೆ ಚಿಕ್ಕೋಡಿಗೆ ಹೋದೆ. ಚೀಲದಿಂದ ವಿ.ಸಿ.ಆರ್. ತೆಗೆದು ಅವನ ಮುಂದೆ ಇಟ್ಟೆ.

"ರಿಪೇರಿ ಆತೇನ್ರಿ?" ಅವನ ಮುಖ ಅರಳಿತು. ಅದೇ ನನ್ನನ್ನು ಹೆಚ್ಚು ಕೊಂದದ್ದು.

"ಮಳಿ ಹತ್ತೂಕಿಂತ ಮೊದಲ ಆಗಿತ್ತು. ನನ್ನ ಮಂಚದ ಕೆಳಗ ಇತ್ತು."

ಅವನು ತಿಳಿಯದೆ ನನ್ನನ್ನು ನೋಡಿದ. "ಮತ್ತ ಯಾಕ ತರಲಿಲ್ಲರಿ?"

"ತಂದಿದ್ರ ನಿನ್ನ ಕೆಲಸ ಮುಗೀತಿತ್ತು. ಕೆಲಸ ಮುಗದ್ರ ನಾ ಶನಿವಾರ ಎಲ್ಲಿಗಿ ಹೋಗ್ಲಿ?"

ಬೈಯಲಿ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು. ಅವನು ವಿ.ಸಿ.ಆರ್.ನ ವೈರು ಬಿಚ್ಚಿ, ಧೂಳು ಒರೆಸಿ, ನನ್ನ ಕಡೆ ಬೆನ್ನು ಮಾಡಿ ಕೂತ. "ಇವತ್ತ ನೀವು ಹೋಗ್ರಿ ದಾಜಿ," ಎಂದ. ಚಹಾ ಕೇಳಲಿಲ್ಲ. ಅವನ ಮನೆಯಿಂದ ಚಹಾ ಇಲ್ಲದೆ ನಾನು ಎದ್ದದ್ದು ಅದೇ ಮೊದಲು.

ಆಮೇಲಿನ ಶನಿವಾರಗಳು ಹೇಗಿದ್ದವು? ಅಂಗಿ ಹಾಕಿಕೊಂಡು ಅಥಣಿ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದೆ. ಚಿಕ್ಕೋಡಿ ಬಸ್ಸು ಬರುತ್ತಿತ್ತು, ನಿಲ್ಲುತ್ತಿತ್ತು, ಹೋಗುತ್ತಿತ್ತು. ಗುರುತಿನ ಹುಡುಗ ಕಂಡಕ್ಟರ್ ಒಬ್ಬ, "ಬರ್ರಿ ಕಾಕಾ, ಸೀಟ್ ಐತಿ," ಎಂದು ಕರೆಯುತ್ತಿದ್ದ. "ಇವತ್ತ ಬ್ಯಾಡಪಾ, ಕೆಲಸ ಐತಿ," ಎನ್ನುತ್ತಿದ್ದೆ. ಕೆಲಸವಿದ್ದವನು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಯಾಕೆ ಕೂತಿದ್ದಾನೆ ಎಂದು ಅವನು ಕೇಳಲಿಲ್ಲ; ಒಳ್ಳೆಯ ಹುಡುಗ. ಮೈದುನನಿಗೆ ಫೋನು ಮಾಡುವ ಧೈರ್ಯವಿರಲಿಲ್ಲ. ಕಾಕೂಗೆ ಮಾಡಿದೆ.

"ಹೆಂಗ ಅದಾನ ಕಾಕೂ?"

"ಅವಗೇನ್ ಧಾಡಿ ಆಗೇತಿ? ಹತ್ತಿ ಅರಳಿ ತರ್ತಾನ, ಸ್ಪಿರಿಟ್ ತರ್ತಾನ, ಹಗಲೆಲ್ಲಾ ಅದೊಂದ ಕ್ಯಾಸೆಟ್ ಒರಸ್ಕೋತ ಕುಂಡರ್ತಾನ, ಕೂಸಿನ ಕಿವಿ ಒರಸಿದಂಗ. ನೀವ್ಯಾಕ ಬರಾಕತ್ತಿಲ್ಲ?"

ನಾನು ಫೋನು ಇಟ್ಟೆ.

ಚಳಿ ಶುರುವಾದ ಮೇಲೆ ಅವನ ಫೋನು ಬಂತು. "ಶನಿವಾರ ಬರ್ರಿ. ಬರೂ ಮುಂದ ಒಂದು ಗಟ್ಟಿ ಚೀಲಾ ತರ್ರಿ." ಅಷ್ಟೇ. ಈ ಸಲ ಕ್ಯಾಲೆಂಡರ್ ಸಪ್ಪಳ ಮಾಡಿಸಲಿಲ್ಲ.

ಕ್ರೇಟು ಮೂಲೆಯಲ್ಲಿ ಗುಂಯ್ ಎನ್ನುತ್ತಿತ್ತು. ಉಳಿದ ಕ್ಯಾಸೆಟ್ಟುಗಳನ್ನೆಲ್ಲ ಇಳಿಸಿ ಮುಗಿಸಿದ್ದ. ಹೋದವು ಹೋಗಿದ್ದವು, ಅವನ್ನು ಬೇರೆ ಒಟ್ಟಿದ್ದ, ಅದೂ ಸಣ್ಣ ರಾಶಿಯೇನಲ್ಲ. ಫೋನು ನನ್ನ ಕೈಗೆ ಕೊಟ್ಟ. ಪರದೆಯ ಮೇಲೆ ಗೆರೆ, ಹೊಯ್ದಾಟ, ಹಿಮ ಬಿದ್ದಂತೆ ಚುಕ್ಕಿ. ಅದರ ನಡುವೆ ಒಬ್ಬ ಹೆಂಗಸು ಒಂದು ಕೈಯಲ್ಲಿ ನೀರಿನ ತಂಬಿಗೆ ಹಿಡಿದು, ಇನ್ನೊಂದು ಕೈಯಿಂದ ಸೆರಗನ್ನು ಬಾಯಿಗೆ ಅಡ್ಡ ತರುತ್ತಾಳೆ. ಸೆರಗು ಮುಟ್ಟುವ ಮೊದಲೇ ನಗು ಬಂದುಬಿಡುತ್ತದೆ. ಮತ್ತೆ ಗೆರೆ. ಮುಗಿಯಿತು. ದನಿ ಇಲ್ಲ.

"ಇಷ್ಟ ಬಂತ್ರಿ. ಉಳಿದದ್ದು ಹರದು ಹೋತು."

"ಆ ಟೀಚರಗ ಕಳಸಿದಿ?"

"ಕಳಸೇನಿ. ಫೋನ್ ಮಾಡಿದ್ಲು. ಮಾತಾಡಲಿಲ್ಲ. ನಾನೂ 'ಹಲೋ' ಅಂತ ಕಿವಿಗಿ ಹಿಡಕೊಂಡು ಕುಂತ್ನಿ." ಫೋನು ನನ್ನ ಕೈಯಿಂದ ವಾಪಸು ತೆಗೆದುಕೊಂಡು ಹೇಳಿದ: "ತಂಬಿಗಿ ಯಾರಿಗಿ ತಂದಿದ್ಲಂತಾನೂ ಅದರಾಗ ಇತ್ರಿ ದಾಜಿ. ಅದು ಹೋತು."

ನಾನು ತಲೆ ತಗ್ಗಿಸಿ ಕೂತೆ. ಅವನು ಎದ್ದು ಸ್ಟೋ ಹಚ್ಚಿದ. ಚಹಾ ಕುದಿಯಿತು. ಲೋಟ ನನ್ನ ಮುಂದೆ ಇಟ್ಟು, ಹಳೆಯ ಟವೆಲಿನಲ್ಲಿ ಸುತ್ತಿದ ಒಂದು ಡಿಸ್ಕನ್ನು ಅದರ ಪಕ್ಕದಲ್ಲಿ ಇಟ್ಟ.

"ನಾಸಿನ್ಯಾಗಿಂದು ಒಂದು ಕಾಪಿ ಬ್ಯಾರೆ ಮನ್ಯಾಗ ಇರಬೇಕಂತ್ರಿ. ಈ ಮನಿಗೆ ಬೆಂಕಿ ಹತ್ತೀತು, ನೀರ ಹೊಕ್ಕೀತು. ಇದ್ದದ್ದೆಲ್ಲಾ ಒಂದ ಕಡೆ ಇಡಬಾರದು. ಬ್ಯಾರೆ ಮನಿ ಅಂದ್ರ ನನಗ ಯಾವುದೈತಿ? ನಿಮ್ಮದೊಂದ."

ನಾನು ಡಿಸ್ಕು ಮುಟ್ಟಲಿಲ್ಲ. "ನನ್ನ ಕೈಯಾಗ ಕೊಡ್ತೀಯೇನೋ? ಇನ್ನೂ?"

"ಶನಿವಾರಕ್ಕೊಮ್ಮೆ ಇದನ್ನ ತರಬೇಕು, ಹೊಸಾದು ಹಾಕಿದ್ದು ಇನ್ನೊಂದು ಒಯ್ಯಬೇಕು. ಮಂದಿ ಈಗ ಅವರವರ ಮನ್ಯಾಗಿನ ಹಳೀ ಕ್ಯಾಸೆಟ್ ತಂದು ಕೊಡಾಕತ್ತಾರ. ತಪ್ಪಸೂವಂಗಿಲ್ಲ."

"ಇಂಟರ್ನೆಟ್ ಮ್ಯಾಲೆ ಕಳಸಾಕ ಬರೂದಿಲ್ಲೇನು, ಕುಂತಲ್ಲಿಂದ?"

ಅವನು ಚಹಾ ಊದುತ್ತ, ನನ್ನ ಕಡೆ ನೋಡದೆ ಹೇಳಿದ.

"ಬರತೈತ್ರಿ. ಬಜೆಟ್ ಇಲ್ಲ."

ಕಡೆಯ ಬಸ್ಸು ತುಂಬಿತ್ತು. ಮೂವರು ಕೂರುವ ಸೀಟಿನಲ್ಲಿ ಒಬ್ಬ ಅಜ್ಜಿ ತನ್ನ ಗಂಟಿನ ಜೊತೆ ಹರಡಿಕೊಂಡು ಕೂತಿದ್ದಳು. ನಾನು ಅಂಚಿನಲ್ಲಿ ಕೂತು ಚೀಲವನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡೆ. ರಸ್ತೆಯ ಕುಣಿಗಳಿಗೆ ಅಲುಗಬಾರದಲ್ಲ. ಅವಳು ಒಂದೆರಡು ಸಲ ಓರೆಗಣ್ಣಿನಿಂದ ನೋಡಿದಳು. ಕಡೆಗೆ ತಡೆಯಲಾರದೆ ಕೇಳಿದಳು.

"ಅಂಥಾದ್ದೇನೈತಪಾ ಅದರಾಗ? ಕೂಸಿನ ಹಿಡಕೊಂಡಂಗ ಹಿಡಕೊಂಡಿ."

"ಮದುವಿ ಅದಾವ ಅವ್ವಾ," ಎಂದೆ. "ಭಾಳ ಮಂದಿ ಅದಾರ."

ಅಜ್ಜಿ ಏನು ತಿಳಿದುಕೊಂಡಳೋ, ತನ್ನ ಗಂಟನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಕಿಟಕಿಯ ಕಡೆಗೆ ಒತ್ತಿ ಕೂತು, ಜಾಗ ಮಾಡಿಕೊಟ್ಟಳು.